ಪುಟದಲ್ಲಿ ಓಡಿಹೋದ ಯಲ್ಲಪ್ಪನನ್ನು ಹುಡುಕಿಕೊಂಡು

ಶುಕ್ರವಾರ ಬೆಳಿಗ್ಗೆ ಧಾರವಾಡಕ್ಕೆ ಬರಬೇಕಿದ್ದ ಮಿರಜ ಗಾಡಿ ಮುಕ್ಕಾಲು ತಾಸು ತಡವಾಗಿ ಬಂತು. ಆ ಮುಕ್ಕಾಲು ತಾಸಿನಲ್ಲಿ ನಾನು ಮನೆಗೆ ವಾಪಸು ಹೋಗುವ ನಿರ್ಧಾರವನ್ನು ಮೂರು ಸಲ ಮಾಡಿ, ಮೂರು ಸಲವೂ ಸ್ಟೇಷನ್ನಿನ ಬಾಗಿಲವರೆಗೆ ಹೋಗಿ ತಿರುಗಿದೆ. ನಾಲ್ಕನೆಯ ಸಲ ಹೊರಟಾಗ ಗಾಡಿ ಬಂದುಬಿಟ್ಟಿತು. ಆದ್ದರಿಂದ ಈ ಪ್ರವಾಸವನ್ನು ನಾನು ಧೈರ್ಯದಿಂದ ಕೈಗೊಂಡೆನೆಂದು ಯಾರೂ ಬರೆಯಬಾರದು. ಕೈ ಹಿಡಿದು ಹತ್ತಿಸಿದವರು ರೈಲ್ವೆಯವರು.

ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ, ಹಳೆಯ ಪೇಪರಿನಲ್ಲಿ ಸುತ್ತಿದ, ಅಚ್ಚಾಗಲಿರುವ ಪುಸ್ತಕವೊಂದರ ನಾಲ್ಕು ಪುಟದ ಪ್ರೂಫ್ ಇದ್ದವು. ಹೋಳಿಗೆ ಹಗುರ, ಬಟ್ಟೆ ಹಗುರ. ಭಾರವೆಲ್ಲ ಆ ನಾಲ್ಕು ಪುಟದ್ದು. ಅದರ ಕಥೆ ಹೇಳದೆ ಗಾಡಿ ಮುಂದೆ ಬಿಡುವಂತಿಲ್ಲ.

ನನ್ನ ಸೋದರಮಾವ ಈರಪ್ಪ ಫೌಜಿನಲ್ಲಿದ್ದವನು. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿ ಒಂದು ಹೊಳೆ ದಾಟಿದ್ದ. ಊರಿಗೆ ಬಂದ ಮೇಲೆ ಯಾವ ಮದುವೆಯಲ್ಲಾದರೂ ಊಟ ಮುಗಿದು ಎಲೆ ಅಡಿಕೆ ತಟ್ಟೆ ಬಂತೆಂದರೆ ಮಾವ ಮತ್ತೊಮ್ಮೆ ಆ ಹೊಳೆ ದಾಟಲೇಬೇಕು. ನಮ್ಮ ಕಡೆ ಯುದ್ಧದ ಕಥೆಗೆ ಒಂದು ಪದ್ಧತಿ ಇದೆ, ಅದರಲ್ಲಿ ಒಬ್ಬ ಪುಕ್ಕಲ ಇರಬೇಕು. ಅವನು ಓಡದಿದ್ದರೆ ಉಳಿದವರು ನಿಂತದ್ದು ಗೊತ್ತಾಗುವುದು ಹೇಗೆ? ಮಾವನ ಕಥೆಯಲ್ಲೂ ಒಬ್ಬನಿದ್ದ. ಗುಂಡಿನ ಸುರಿಮಳೆ ಶುರುವಾದಾಗ ರೈಫಲನ್ನು ನೀರಿಗೆ ಬಿಟ್ಟು, ಬಿದಿರು ಮೆಳೆಯೊಳಗೆ ಬೆಳಗಿನ ತನಕ ಕೂತವನು. ಅವನಿಗೆ ಮಾವ ಹೆಸರು ಕೊಟ್ಟಿರಲಿಲ್ಲ. ‘ಒಬ್ಬಾಂವ’ ಎನ್ನುತ್ತಿದ್ದ, ಅಷ್ಟೆ.

ನಾನೋ ಕಂಡವರನ್ನೆಲ್ಲ ಅಣಕಿಸುತ್ತ ಬೆಳೆದವನು. ಊರ ಗೌಡರ ನಡಿಗೆ, ಪೋಸ್ಟ್‌ಮಾಸ್ತರರ ಸೀನು, ಪರೀಕ್ಷೆಯಲ್ಲಿ ಫೇಲಾದ ದಿನದ ನನ್ನದೇ ಮುಖ, ಯಾವುದನ್ನೂ ಬಿಟ್ಟವನಲ್ಲ. ಹದಿನೈದನೆಯ ವಯಸ್ಸಿಗೆ ಮಾವನನ್ನು ಹಿಡಿದೆ. ಎಡಗೈಯಿಂದ ಮೀಸೆ ಒರೆಸುವುದು, ಹೊಳೆಯ ಆಳ ತೋರಿಸಲು ಎದೆಯ ಮೇಲೆ ಅಂಗೈ ಇಡುವುದು, ಒಬ್ಬಾಂವನ ಸುದ್ದಿ ಬಂದಾಗ ನೆಲ ನೋಡಿ ಒಂದು ಗಳಿಗೆ ಸುಮ್ಮನಾಗುವುದು, ಎಲ್ಲ ಪಕ್ಕಾ. ಆದರೆ ಅಣಕಿಸುವವನಿಗೆ ಮುಖ ಬೇಕು, ಒಬ್ಬಾಂವನಿಗೆ ಮುಖವೇ ಇಲ್ಲ. ಮಾವನ ಪ್ಲಟೂನಿನ ಗ್ರೂಪ್ ಫೋಟೋ ಗೋಡೆಯ ಮೇಲಿತ್ತು. ಎರಡನೆಯ ಸಾಲಿನಲ್ಲಿ ಕೊಕ್ಕರೆಯಂತೆ ಉದ್ದ ಕತ್ತಿನವನೊಬ್ಬ ನಿಂತಿದ್ದ. ಅಡಿಯಲ್ಲಿ ಹೆಸರು, ಲ್ಯಾನ್ಸ್ ನಾಯಕ ಯಲ್ಲಪ್ಪ. ನಾನು ತೆಗೆದುಕೊಂಡದ್ದು ಕತ್ತನ್ನು. ಹೆಸರು ಅದಕ್ಕೆ ಅಂಟಿಕೊಂಡು ಬಂತು. ಮುಂದಿನ ಮದುವೆಯಲ್ಲಿ ಯಲ್ಲಪ್ಪ ಮೆಳೆಯೊಳಗಿಂದ ಕತ್ತು ಚಾಚಿ ನೋಡಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ನಗಲಿಲ್ಲ. ತಿದ್ದಲೂ ಇಲ್ಲ.

ಮಾವ ತೀರಿಕೊಂಡು ಎರಡು ವರ್ಷವಾದ ಮೇಲೆ ಹಿರೇಮಠ ಸರ್ ಟೇಪ್‌ರೆಕಾರ್ಡರ್ ಹಿಡಿದುಕೊಂಡು ಮನೆಗೆ ಬಂದರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ನಮ್ಮ ತಾಲೂಕಿನ ಸೈನಿಕರ ಇತಿಹಾಸ ಬರೆಯುತ್ತಿದ್ದರು. “ಅಣ್ಣ ಇಲ್ಲರೀ, ಆದ್ರ ನಮ್ಮ ಶಂಕ್ರ್ಯಾ ಅಣ್ಣನಂಗ ಹೇಳ್ತಾನ” ಎಂದು ಅವ್ವ ನನ್ನನ್ನು ಮುಂದೆ ಕೂಡಿಸಿದಳು. ಹೇಳಿದೆ. ಟೇಪ್ ತಿರುಗಿತು. ಮೊನ್ನೆ ಹೆಸರುಗಳನ್ನು ನೋಡಿಕೊಡಲು ಪ್ರೂಫ್ ಬಂದಾಗ ಎಂಬತ್ತೇಳನೆಯ ಪುಟದಲ್ಲಿ ಹೀಗಿತ್ತು: ‘ಈ ಸಂದರ್ಭದಲ್ಲಿ ಲ್ಯಾನ್ಸ್ ನಾಯಕ ಯಲ್ಲಪ್ಪ ಎಂಬವರು ಧೈರ್ಯಗುಂದಿ, ಶಸ್ತ್ರವನ್ನು ತ್ಯಜಿಸಿ ಹಿಂದೆ ಸರಿದರೆಂದು ತಿಳಿದುಬರುತ್ತದೆ.’ ನನ್ನ ಕತ್ತಿನ ತಮಾಷೆಯೆಲ್ಲ ಹೋಗಿ, ತಿಳಿದುಬರುತ್ತದೆ ಎಂಬುದಷ್ಟೇ ಉಳಿದಿತ್ತು. ಅದರ ಜೊತೆಗಿದ್ದ, ಮಾಜಿ ಸೈನಿಕರ ಸಂಘದವರು ಮಾಡಿದ ಬಿಡುಗಡೆ ಸಮಾರಂಭದ ಪಟ್ಟಿಯಲ್ಲಿ, ಸನ್ಮಾನ ಸ್ವೀಕರಿಸುವ ಮಾಜಿ ಸೈನಿಕರ ಸಾಲಿನಲ್ಲಿ, ‘ಶ್ರೀ ಯಲ್ಲಪ್ಪ, ಪಿಂಪ್ರಿ, ಪುಣೆ’ ಎಂದಿತ್ತು. ಫೋಟೋದಲ್ಲಿದ್ದವನು ಬದುಕಿಯೂ ಇರಬಹುದೆಂದು ನನಗೆ ಅಲ್ಲಿಯತನಕ ಹೊಳೆದಿರಲಿಲ್ಲ.

ಸರ್ ಮನೆಗೆ ಓಡಿದೆ.

“ಸರ್, ಆ ಹೆಸರು ನಾ ತಮಾಷಿಗೆ ಹಾಕಿದ್ದು.”

“ಅವತ್ತ ಹೇಳಿದ್ದು ಸುಳ್ಳೋ, ಇವತ್ತ ಹೇಳೂದು ಸುಳ್ಳೋ?” ಎಂದರು ಸರ್, ಕನ್ನಡಕ ಒರೆಸುತ್ತ. “ನೀ ಮಂದೀದು ಅಣಕಿಸಾಂವ. ನಿನ್ನ ಯಾವ ದನಿ ನಂಬಲಿ?”

“ಒಬ್ಬಾಂವ ಅಂತ ಬರೀರಿ ಸರ್.”

“ಒಬ್ಬಾಂವ ಅಂದ್ರ ಇತಿಹಾಸ ಆಗೂದಿಲ್ಲೋ, ಹುಚ್ಚಪ್ಯಾಲಿ. ಹೆಸರ ತಗೀಬೇಕಂದ್ರ ಕಾಗದ ಬೇಕು. ಯಲ್ಲಪ್ಪನ ಕೈಬರಹ, ಸಹಿ. ಸೋಮವಾರ ಮುಂಜಾನೆ ಆ ಪುಟ ಮಷೀನಿಗೆ ಹೋಗ್ತದ.”

ಹೀಗೆ ಶುಕ್ರವಾರದ ಗಾಡಿ.

ಅಳ್ನಾವರ, ಲೋಂಡಾ, ಬೆಳಗಾವಿ. ಚಳಿಗಾಲದ ಬಿಸಿಲು ಕಿಟಕಿಯ ಕಟ್ಟಿಗೆಯ ಮೇಲೆ ಬೆಚ್ಚಗಿತ್ತು. ಬೆಳಗಾವಿಯಲ್ಲಿ ಕುಂದಾ ಮಾರುವವನು ಬಂದ. ನನಗೆ ಏನೂ ಇಳಿಯುತ್ತಿರಲಿಲ್ಲ. ಘಟಪ್ರಭಾ ದಾಟಿದ ಮೇಲೆ ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡಲು ತೊಡಗಿದೆ. ಹಿರೇಮಠ ಸರ್ ದನಿಯಲ್ಲಿ ಹೇಳಿದರೆ ಗಂಭೀರವಾಗಿ ಬರುತ್ತಿತ್ತು. ಮಾವನ ದನಿಯಲ್ಲಿ ಹೇಳಿದರೆ ಕರುಣೆ ಬರುವಂತಿತ್ತು. ನನ್ನ ದನಿಯಲ್ಲಿ ‘ಕಾಕಾ, ನಾ ಒಂದು ತಪ್ಪ ಮಾಡೀನಿ’ ಎಂದಾಗ ಎದುರು ಕೂತ ಹೆಣ್ಣುಮಗಳು ತನ್ನ ಗಂಟನ್ನು ಹತ್ತಿರ ಎಳೆದುಕೊಂಡಳು.

ಕುಡಚಿಯಲ್ಲಿ ಕೃಷ್ಣೆಯ ಸೇತುವೆ ಬಂತು. ನೀರು ತೆಳ್ಳಗೆ, ಮರಳಿನ ನಡುವೆ ಹರಿಯುತ್ತಿತ್ತು. ಇಷ್ಟು ನೀರಾದರೆ ಯಾರೂ ಶೂರರಾಗುವಂತಿಲ್ಲ ಎನ್ನಿಸಿತು.

ಮಿರಜದಲ್ಲಿ ಸಣ್ಣ ಹಳಿಯಿಂದ ದೊಡ್ಡ ಹಳಿಗೆ ಗಾಡಿ ಬದಲಿಸಬೇಕು. ಎಲ್ಲರೂ ಟ್ರಂಕು, ಮಕ್ಕಳು, ಕಬ್ಬಿನ ಕೋಲು ಹೊತ್ತು ಓಡುತ್ತಾರೆ; ನಾನೂ ಓಡಿದೆ. ಪುಣೆಯ ಗಾಡಿಯಲ್ಲಿ ಒಬ್ಬ ಮುದುಕರ ಪಕ್ಕ ಜಾಗ ಸಿಕ್ಕಿತು. ಬಿಳಿ ಟೋಪಿ, ಕೈಯಲ್ಲಿ ಛತ್ರಿ. ಕರಾಡ ದಾಟುತ್ತಲೇ ಅವರು ಛತ್ರಿಯಿಂದ ಗುಡ್ಡಗಳನ್ನು ತೋರಿಸಲು ಶುರುಮಾಡಿದರು. ಈ ಗುಡ್ಡದಲ್ಲಿ ನಮ್ಮವರು ಇನ್ನೂರು ಜನ, ಅವರು ಐದು ಸಾವಿರ. ಆ ಕಣಿವೆಯಲ್ಲಿ ನಮ್ಮವರು ನಲವತ್ತು, ಅವರು ಎಣಿಕೆಗೆ ಸಿಗಲಿಲ್ಲ. ಗಾಡಿ ಮುಂದೆ ಹೋದಷ್ಟೂ ನಮ್ಮವರು ಕಡಿಮೆಯಾಗುತ್ತ, ಅವರು ಹೆಚ್ಚಾಗುತ್ತ ಹೋದರು. ವಾಠಾರದ ಹೊತ್ತಿಗೆ ಒಬ್ಬನೇ ಉಳಿದಿದ್ದ, ಗೆದ್ದೂಬಿಟ್ಟ. ಎದುರಿನ ಹಾಲಿನ ವ್ಯಾಪಾರಿ, “ಕಾಕಾ, ಕಳೆದ ತಿಂಗಳು ಇದೇ ಗಾಡಿಯಲ್ಲಿ ನೀವು ಮೂವರು ಅಂದಿದ್ದಿರಿ” ಎಂದು ಮರಾಠಿಯಲ್ಲಿ ಚುಚ್ಚಿದ. ಮುದುಕರು, “ಇಬ್ಬರು ಆಮೇಲೆ ತೀರಿಕೊಂಡರು” ಎಂದರು. ಡಬ್ಬಿಯೆಲ್ಲ ನಕ್ಕಿತು. ಬೇರೆ ದಿನವಾಗಿದ್ದರೆ ಆ ಛತ್ರಿಯನ್ನು ನಾನು ಧಾರವಾಡಕ್ಕೆ ಅನಾಮತ್ತಾಗಿ ಹೊತ್ತೊಯ್ಯುತ್ತಿದ್ದೆ. ಆ ದಿನ, ಓಡಿಹೋದವರ ಹೆಸರೇನಾದರೂ ಇವರ ಕಥೆಯಲ್ಲಿ ಬರುತ್ತದೆಯೋ ಎಂದು ಕಿವಿಯಾನಿಸಿ ಕೂತಿದ್ದೆ. ಬರಲಿಲ್ಲ.

ಪುಣೆಯಲ್ಲಿ ಇಳಿದು ಲೋಕಲ್ ಹಿಡಿದು ಪಿಂಪ್ರಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಾಳಿ ಮುಗಿಸಿದವರು ಸೈಕಲ್ಲುಗಳ ಮೇಲೆ ಹಿಂಡುಹಿಂಡಾಗಿ ಬರುತ್ತಿದ್ದರು. ಕಾರ್ಮಿಕರ ಸಾಲುಮನೆಗಳ ಚಾಳಿನಲ್ಲಿ ಕನ್ನಡದಲ್ಲೇ ವಿಳಾಸ ಕೇಳಿದೆ. ಮೂರನೆಯ ಮನೆಯವರು ಕೈ ತೋರಿಸಿದರು. ಬಾಗಿಲು ತೆರೆದದ್ದು ಆ ಕತ್ತು. ಎಂಟು ವರ್ಷ ನಾನು ಹೆಗಲ ಮೇಲೆ ಹೊತ್ತು ತಿರುಗಿದ ಕತ್ತು, ಈಗ ತುಸು ಬಾಗಿ, ವಾಚ್‌ಮನ್ನನ ಖಾಕಿ ಶರ್ಟಿನೊಳಗಿಂದ ಬಂದಿತ್ತು. ನನ್ನ ಕತ್ತು ತಾನಾಗಿಯೇ ಮುಂದೆ ಚಾಚಿತು. ಗಬಕ್ಕನೆ ಒಳಗೆಳೆದುಕೊಂಡೆ.

“ಧಾರವಾಡದಿಂದ ಬಂದೀನ್ರಿ, ಹಿರೇಮಠ ಸರ್—”

ಮುಂದಿನ ಮಾತು ಹೊರಡಲು ಅವರು ಬಿಡಲಿಲ್ಲ. “ಗಂಗಾ! ಧಾರವಾಡದಿಂದ ಕರಿಯಾಕ ಮನಶ್ಯಾನ್ನ ಕಳಿಸ್ಯಾರ ನೋಡ!”

ಹೆಂಡತಿ ಗಂಗವ್ವ ಒಲೆಯ ಮುಂದಿನಿಂದ ಎದ್ದು ಬಂದರು. “ಬರ್ರಿ ತಮ್ಮಾ, ಬರ್ರಿ. ಬರೇ ಕಾರ್ಡ ಕಳಿಸಿದ್ರ ಸಾಕಾಗಿತ್ತು. ಇಷ್ಟ ದೂರ ಮಂದಿ ಕಳಿಸ್ಯಾರಂದ್ರ ಎಷ್ಟ ದೊಡ್ಡ ಮನಸ್ಸ ಅವರದು.”

ಈರಪ್ಪನ ಸೋದರಳಿಯನೆಂದು ತಿಳಿದ ಮೇಲೆ ಯಲ್ಲಪ್ಪ ಕಾಕಾ ನನ್ನ ಎರಡೂ ಕೈ ಹಿಡಿದುಕೊಂಡು ಕೂತರು. ಬಿಸಿ ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ಬೆಳಗಿನಿಂದ ಏನೂ ಇಳಿಯದ ಗಂಟಲಿನಲ್ಲಿ ನಾಲ್ಕು ರೊಟ್ಟಿ ಇಳಿದವು. ಹೊಟ್ಟೆಗೆ ನಾಚಿಕೆ ಇಲ್ಲ, ನನ್ನಂಥವನ ಹೊಟ್ಟೆಗಂತೂ ಮೊದಲೇ ಇಲ್ಲ. ಊಟವಾದ ಮೇಲೆ ಹೇಳುತ್ತೇನೆಂದುಕೊಂಡೆ. ಊಟವಾದ ಮೇಲೆ ಗಂಗವ್ವ ಸಮಾರಂಭಕ್ಕೆಂದು ಹೊಲಿಸಿದ ಕೋಟು ತಂದು ತೋರಿಸಿದರು. ನಾಳೆ ಹೇಳುತ್ತೇನೆಂದುಕೊಂಡು ಮಲಗಿದೆ.

ಶನಿವಾರ ಏಳುವಾಗ ಕಾಕಾ ಮೊದಲ ಪಾಳಿಗೆ ಹೋಗಿಯಾಗಿತ್ತು. ನನ್ನ ಬಟ್ಟೆ ಒಗೆದು ಹಗ್ಗದ ಮೇಲೆ ಹಾಕಿತ್ತು. ಚೀಲ ಖಾಲಿ. ಪ್ರೂಫಿನ ಪುಟಗಳು ಗೋಡೆಗೆ ಹೊಡೆದ ದೇವರ ಹಲಗೆಯ, ಅವರ ಮಾತಿನ ಫಳಿಯ, ಮೇಲೆ, ಕುಂಕುಮದ ಬಟ್ಟಲಿನ ಪಕ್ಕದಲ್ಲಿದ್ದವು.

“ನನಗ ಓದಾಕ ಬರೂದಿಲ್ಲ ತಮ್ಮಾ” ಎಂದರು ಗಂಗವ್ವ. “ಪುಸ್ತಕದ ಹಾಳಿ ಅಲ್ಲೇನು? ಚೀಲದಾಗ ಮುದ್ದಿ ಆಗಬಾರದಂತ ರಾತ್ರೀನ ಮ್ಯಾಲ ಇಟ್ಟೆ. ಸಂಜೀಕ ಎಲ್ಲಾರ ಮುಂದ ಓದ್ರಿ. ಬಾಜೂ ಮನಿ ಶಿಂದೆಗೂ ಹೇಳೀನಿ.”

ಸಂಜೆಯೊಳಗೆ ಹೇಳಲೇಬೇಕೆಂದು ಫ್ಯಾಕ್ಟರಿಯ ಗೇಟಿಗೆ ಹೋದೆ. ಮೋಟಾರಿನ ಬಿಡಿಭಾಗ ಮಾಡುವ ಕಾರ್ಖಾನೆ. ಗೇಟಿನ ಮುಂದೆ ಲಾರಿಗಳ ಸಾಲು. ಒಳಗೆ ಬಿಡುವ ಚೀಟಿ ಬರುವವರೆಗೆ ಡ್ರೈವರುಗಳು ಬೇವಿನ ಗಿಡದ ಕೆಳಗೆ ಕೂರುತ್ತಾರೆ. ನಡುವೆ ಕಾಕಾ ನಿಂತು ಹಿಂದಿ, ಮರಾಠಿ, ಕನ್ನಡ ಮೂರನ್ನೂ ಕಲಸಿ ಹೇಳುತ್ತಿದ್ದರು. ಎದೆಯ ಮೇಲೆ ಅಂಗೈ ಇಟ್ಟು, “ಪಾನೀ ಇತನಾ!” ಎಂದರು. ಅದು ಮಾವನ ಅಂಗೈ. ಅದೇ ಹೊಳೆ, ಅದೇ ಬಿದಿರು ಮೆಳೆ. ಮಾವನ ಹಿಂದೆಯೇ ಇವರು ದಾಟಿದರು, ತಲೆಯ ಮೇಲೆ ಗುಂಡಿನ ಪೆಟ್ಟಿಗೆ ಹೊತ್ತು. ನನ್ನನ್ನು ಕಂಡು ಕಾಕಾ ಒಂದು ಕ್ಷಣ ಕಥೆ ನಿಲ್ಲಿಸಿದರು. ಆಮೇಲೆ ಇನ್ನಷ್ಟು ಜೋರಾಗಿ, ನನ್ನನ್ನೇ ನೋಡುತ್ತ, ಆಚೆ ದಡ ಮುಟ್ಟಿದರು.

ಹೊಳೆ ದಾಟಿದ ಮನುಷ್ಯನನ್ನು ನಾನು ಮೆಳೆಯೊಳಗೆ ಕೂಡಿಸಿದ್ದೆ. ಹೇಳಲು ಬಂದ ಮಾತು ಗೇಟಿನಲ್ಲೇ ಉಳಿಯಿತು, ಚೀಟಿ ಸಿಗದ ಲಾರಿಯ ಹಾಗೆ.

ಸಂಜೆ ಚಾಳಿನ ಅಂಗಳದಲ್ಲಿ ಹದಿನೈದು ಜನ ಸೇರಿದ್ದರು. ಮರಾಠಿಯ ಶಿಂದೆ ಕುರ್ಚಿ ತಂದುಕೊಟ್ಟ. ಗಂಗವ್ವ ಕೈ ತೊಳೆದುಕೊಂಡು ಬಂದು ಪುಟಗಳನ್ನು ನನ್ನ ಕೈಗಿಟ್ಟರು. ಕಾಕಾನ ಕಡೆ ನೋಡಿದೆ. “ನನ್ನ ಚಷ್ಮಾ ಒಡದದ. ನೀನ ಓದು” ಎಂದರು.

ಎಂಬತ್ತೇಳನೆಯ ಪುಟ ತೆಗೆದೆ. ಕಣ್ಣು ‘ಧೈರ್ಯಗುಂದಿ’ಯ ಮೇಲೆ ನಿಂತಿತು, ಬಾಯಿ ನಿಲ್ಲಲಿಲ್ಲ. ಹಿರೇಮಠ ಸರ್ ದನಿಯಲ್ಲಿ, ಅವರದೇ ಗತ್ತಿನಲ್ಲಿ, ಅಲ್ಲಿಲ್ಲದ್ದನ್ನು ಓದಿದೆ. “ಈ ಸಂದರ್ಭದಲ್ಲಿ ಲ್ಯಾನ್ಸ್ ನಾಯಕ ಯಲ್ಲಪ್ಪನವರು, ಎದೆಮಟ್ಟದ ನೀರಿನಲ್ಲಿ, ಗಾಯಗೊಂಡ ಸಂಗಾತಿಯೊಬ್ಬನನ್ನು ಹೆಗಲ ಮೇಲೆ ಹೊತ್ತು ಆಚೆ ದಡ ಸೇರಿದರೆಂದು ತಿಳಿದುಬರುತ್ತದೆ.” ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಭಯವಾಯಿತು. ಓಡಿದವನನ್ನು ದಾಟಿಸಲು ನಾಲ್ಕು ಮಾತು ಬದಲಿಸಿದರೆ ಸಾಕು. ತಿಳಿದುಬರುತ್ತದೆ ಎಂಬುದಕ್ಕೆ ಎರಡೂ ಒಂದೇ. ಶಿಂದೆ ಅರ್ಥವಾಗದಿದ್ದರೂ ಚಪ್ಪಾಳೆ ಹೊಡೆದ. ಗಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕಾಕಾ ಮಾತ್ರ ನನ್ನ ಕೈಯಲ್ಲಿದ್ದ ಪುಟವನ್ನು ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ ನನ್ನನ್ನು ಕಳಿಸಲು ಇಬ್ಬರೂ ಪುಣೆಯತನಕ ಹೊರಟರು. ಲೋಕಲ್ಲಿನಲ್ಲಿ ಗಂಗವ್ವ ಹೆಂಗಸರ ಡಬ್ಬಿ ಹತ್ತಿದರು, ನಾವು ಬೇರೆ ಡಬ್ಬಿ. ಕಾಗದವಿಲ್ಲ, ಸಹಿಯಿಲ್ಲ, ಇರುವುದು ಅರ್ಧ ತಾಸು. ಕಾಸರವಾಡಿ ದಾಟಿತು. ದಾಪೋಡಿ ಬರುವಷ್ಟರಲ್ಲಿ ಬಾಯಿ ತೆರೆದೆ.

“ಕಾಕಾ, ನಾ ಒಂದು—”

“ಆ ಹಾಳ್ಯಾಗ ಏನ ಬರದದ ಅನ್ನೂದು ನನಗ ಗೊತ್ತದ” ಎಂದರು ಕಾಕಾ, ಕಿಟಕಿಯ ಹೊರಗೆ ನೋಡುತ್ತ. “ನಿನ್ನೆ ಮುಂಜಾನೆ ನೀ ಗೊರಕೀ ಹೊಡೀತಿದ್ದಿ. ಫಳೀಮ್ಯಾಗಿಂದ ತಗದು ಓದಿದೆ. ಚಷ್ಮಾ ಎಲ್ಲೂ ಒಡದಿಲ್ಲ.”

“ಓದಿದ ಮ್ಯಾಲ ಗೇಟಿನಾಗ ನೀವು ಮತ್ತ...”

“ಹೂಂ. ಓದಿದ ಮ್ಯಾಲ ನಿನ್ನ ಮುಂದನ ಹೇಳಬೇಕನಿಸ್ತು. ಸಿಟ್ಟ ಬಂದಿತ್ತು.”

ಎಲ್ಲ ಹೇಳಿದೆ. ಫೋಟೋ, ಕತ್ತು, ಮದುವೆಗಳು, ಟೇಪು. ಯಾರ ದನಿಯಲ್ಲಿ ಹೇಳಿದೆನೋ ತಿಳಿಯದು, ಕೇಳಲು ಚೆನ್ನಾಗಿರಲಿಲ್ಲ. ಬಡಿಯುತ್ತಾರೆಂದುಕೊಂಡಿದ್ದೆ. ಖಡಕಿಯಲ್ಲಿ ಅವರು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದರು.

“ನಾ ಓಡಿಲ್ಲ ತಮ್ಮಾ.”

“ಗೊತ್ತದ ಕಾಕಾ. ನೀವು ದಾಟೀರಿ.”

“ದಾಟಿದ್ದೂ ಇಲ್ಲ. ಅವತ್ತ ನಾ ಅಲ್ಲಿ ಇದ್ದಿಲ್ಲ. ಕಾಮಾಲಿ ಆಗಿತ್ತು. ಹಿಂದ, ಭಾಳ ಹಿಂದ, ಫೌಜಿನ ದವಾಖಾನ್ಯಾಗ ಕಣ್ಣ ಹಳದಿ ಮಾಡಿಕೊಂಡು ಗ್ಲೂಕೋಸ್ ನೀರ ಕುಡಕೋತ ಮಲಗಿದ್ದೆ. ತಿರುಗಿ ಬಂದಾಗ ಎಲ್ಲಾ ಮುಗದಿತ್ತು. ನಿಮ್ಮ ಮಾವ ಹೇಳಿದ, ಅವರಿವರು ಹೇಳಿದ್ರು. ಕೇಳಿ ಕೇಳಿ ನಾನೂ ದಾಟಿದೆ. ಇಲ್ಲಿ ನೌಕರಿಗೆ ಬಂದಾಗ ಸಾಹೇಬ ಕೇಳಿದ, ಲಢಾಯಿಯೊಳಗ ಏನ ಮಾಡಿದಿ ಅಂತ. ಏನಂತ ಹೇಳಲೋ? ಮಾಜಿ ಸೈನಿಕ, ಯುದ್ಧದಾಗ ಕಾಮಾಲಿ ಬಂದಿತ್ತು ಅಂತ?”

ನನಗೆ ನಗು ಬಂತು, ಅವರಿಗೂ ಬಂತು. ಇಬ್ಬರದೂ ಬೇಗ ನಿಂತಿತು.

“ಕಾಕಾ, ಮತ್ತ ಆ ಒಬ್ಬಾಂವ ಯಾರು?”

“ನನಗೂ ಒಬ್ಬಾಂವ ಅಂತನ ಹೇಳಿದ ನಿಮ್ಮ ಮಾವ. ಹೆಸರ ಹೇಳಲಿಲ್ಲ. ನೆಲಾ ನೋಡ್ಕೋತ ಹೇಳಿದ.”

ನೆಲ ನೋಡಿಕೊಂಡು. ಆ ನೋಟವನ್ನು ಎಷ್ಟು ಚಪ್ಪರಗಳಲ್ಲಿ ಎಷ್ಟು ಸಲ ಮಾಡಿದ್ದೆ! ನಗು ಬರಿಸಲು ಮಾವ ತೆಗೆದುಕೊಳ್ಳುವ ಸಮಯವೆಂದೇ ತಿಳಿದಿದ್ದೆ. ಅಲ್ಲೇ ಡಬ್ಬಿಯಲ್ಲಿ ಕೂತು, ಗೊತ್ತಾಗದಂತೆ ಇನ್ನೊಮ್ಮೆ ಮಾಡಿ ನೋಡಿದೆ. ಗದ್ದ ಇಳಿಯಿತು, ಕಣ್ಣು ಕಾಲ ಬೆರಳಿಗೆ ಬಂತು. ಹಾಗೆ ಕೂತವನಿಗೆ ಇನ್ನೊಬ್ಬರ ಮೇಲೆ ನಗುವುದಾಗುವುದಿಲ್ಲ. ಮೆಳೆಯೊಳಗೆ ಕೂತವನು ಮಾವನೇ ಏನೋ, ಅದಕ್ಕೇ ನನ್ನ ಯಲ್ಲಪ್ಪನನ್ನು ತಿದ್ದಲಿಲ್ಲವೇನೋ ಎಂದು ಆಗ ಅನುಮಾನ ಬಂತು.

ಶಿವಾಜಿನಗರದ ಹೊರಗೆ ಸಿಗ್ನಲ್ಲಿಗೆ ಲೋಕಲ್ ನಿಂತಿತು. ಕಾಕಾ ಕೈ ಚಾಚಿದರು. “ಕಾಗದ ತಾ.”

“ಏನ ಬರೀತೀರಿ? ಹೆಸರ ತಗೀರಿ ಅಂತ ಇಷ್ಟ ಬರದ್ರ ಸಾಕು ಕಾಕಾ. ಕಾಮಾಲಿ ಸುದ್ದಿ ಬ್ಯಾಡ. ನಾಳೆ ಆ ಪುಸ್ತಕ ಇಲ್ಲೀ ಮಂದೀ ಕೈಗೂ ಬರ್ತದ.”

“ಹೇಡಿ ಅಂತ ಅಚ್ಚ ಹಾಕಿದ್ರ ಸುಳ್ಳ. ನಿನ್ನೆ ನೀ ಓದಿದ್ದೂ ಸುಳ್ಳ. ಮೂರನೇ ಸುಳ್ಳಿಗೆ ನಾ ಸಹಿ ಮಾಡಲೇನು? ತಾ.”

ನನ್ನ ಪೆನ್ನಿನಿಂದ, ತೊಡೆಯ ಮೇಲಿಟ್ಟುಕೊಂಡು ಬರೆದರು: ‘ಆ ದಿವಸ ನಾನು ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಇದ್ದೆನು. ಹೊಳೆಯ ಹತ್ತಿರ ಇರಲಿಲ್ಲ.’ ಸಹಿ ಮಾಡುವಾಗ ಗಾಡಿ ಹೊರಟು ಕೊನೆಯ ಅಕ್ಷರ ಉದ್ದವಾಯಿತು.

ಆ ಕಾಗದ ಸೋಮವಾರ ಬೆಳಿಗ್ಗೆ ಹಿರೇಮಠ ಸರ್ ಕೈಗೆ ಮುಟ್ಟಿತು. ಎರಡು ಸಲ ಓದಿ, ಇಡೀ ಸಾಲಿಗೆ ಗೀಟು ಎಳೆದರು. ‘ಒಬ್ಬಾಂವ’ ಎಂದು ಹಾಕಲೂ ಒಪ್ಪಲಿಲ್ಲ. ಹೀಗಾಗಿ ನಮ್ಮ ತಾಲೂಕಿನ ಇತಿಹಾಸದಲ್ಲಿ ಈಗ ಆ ದಿನ ಹೊಳೆಯ ದಂಡೆಯಲ್ಲಿ ಯಾರಿಗೂ ಹೆದರಿಕೆಯಾಗಲಿಲ್ಲ. ಮಾವನ ಬಗ್ಗೆ ಬಂದ ಅನುಮಾನವನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅದೂ ತಿಳಿದುಬರುತ್ತಿತ್ತು.

ಅದು ಸೋಮವಾರದ ಮಾತು; ಭಾನುವಾರ ನಾವು ಇಳಿದಾಗ ಪುಣೆಯ ಪ್ಲಾಟ್‌ಫಾರ್ಮಿನಲ್ಲಿ ಮಿರಜದ ಗಾಡಿ ನಿಂತಿತ್ತು. ಕಿಟಕಿಯ ಪಕ್ಕ ಜಾಗ ಹಿಡಿದೆ. ಗಂಗವ್ವ ರೊಟ್ಟಿಯ ಗಂಟು ಹಿಡಿದುಕೊಂಡು ಕಿಟಕಿಗೆ ಬಂದರು.

“ತಮ್ಮಾ, ನಿನ್ನೆ ಓದಿದ್ರಲ್ಲಾ, ಹೆಗಲಮ್ಯಾಲ ಹೊತ್ತದ್ದು. ಅಷ್ಟ ಒಂದು ಚೀಟ್ಯಾಗ ಬರದ ಕೊಡ್ರಿ. ಪುಸ್ತಕ ಬರೂತನಕಾ ಫಳೀಮ್ಯಾಲ ಇಡ್ತೀನಿ. ಯಾರರೆ ಬಂದ್ರ ಓದಸ್ತೀನಿ.”

ಪೆನ್ನು ಇನ್ನೂ ನನ್ನ ಕೈಯಲ್ಲೇ ಇತ್ತು. ಕಿಸೆಯಲ್ಲಿ ಕಾಕಾನ ಕಾಗದ. ಒಂದು ಸುಳ್ಳನ್ನು ಅಳಿಸಲು ಇಷ್ಟು ದೂರ ಬಂದವನಿಂದ ಈಕೆ ಇನ್ನೊಂದನ್ನು ಕೇಳುತ್ತಿದ್ದರು, ಅದೂ ಅಷ್ಟು ಪ್ರೀತಿಯಿಂದ. ಬರೆದುಕೊಡಲು ಒಂದು ನಿಮಿಷ ಸಾಕಿತ್ತು. ಗಾರ್ಡ್ ಸೀಟಿ ಊದಿದ. ನಾನು ಕಾಕಾನನ್ನು ನೋಡಿದೆ.

“ಗಂಗಾ” ಎಂದರು ಕಾಕಾ. “ಅಂವಗ ಬರೀ ಅನಬ್ಯಾಡ. ನಾ ಆ ಹೊಳಿ ನೋಡೇ ಇಲ್ಲ.”

“ಏನಂದ್ರಿ?”

“ಅವತ್ತ ನಾ ದವಾಖಾನ್ಯಾಗ ಇದ್ದೆ. ಕಾಮಾಲಿ ಆಗಿ.”

ಗಂಗವ್ವ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಗಾಡಿ ಅಲುಗಿತು. ಅವರು ಗಂಟನ್ನು ಕಿಟಕಿಯೊಳಗೆ ನೂಕಿದರು. ಕಣ್ಣು ಮಾತ್ರ ಗಂಡನ ಮೇಲಿತ್ತು.

“ಹಂಗಾದ್ರ ಇಷ್ಟ ವರ್ಷ ನನಗ ಹೇಳಿದ್ದು?” ಎಂದು ಕೇಳಿದ್ದು ಕೇಳಿಸಿತು.

ತಲೆ ಹೊರಗೆ ಹಾಕಿ ನೋಡಿದೆ. ಗಂಗವ್ವ ಬೆಂಚಿನ ಒಂದು ತುದಿಗೆ ಕೂತರು. ಕಾಕಾ ಕೈಗಳನ್ನು ಬದಿಗೆ ಬಿಟ್ಟು ಸೆಟೆದು ಮುಂದೆ ನಿಂತಿದ್ದರು. ಹಮಾಲನೊಬ್ಬ ಸಾಮಾನಿನ ಗಾಡಿ ತಳ್ಳಿಕೊಂಡು ಅಡ್ಡ ಬಂದ. ಅವನು ದಾಟಿದ ಮೇಲೆ ಮತ್ತೆ ಕಂಡಾಗ ಕಾಕಾ ಕೂಡ ಬೆಂಚಿನ ಇನ್ನೊಂದು ತುದಿಗೆ ಕೂತಿದ್ದರು. ಅವರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು.